ಅತ್ತೆ ಕಟ್ಟಿಕೊಟ್ಟ ಬುತ್ತಿ

ನನಗೆ ನೆನಪಿದ್ದದ್ದು ಬೇವಿನ ನೀರು. ಬಾದಾಮಿಯ ನನ್ನ ತವರುಮನೆಯ ಹಿತ್ತಲು. ಬಿಸಿಲಿಗೆ ಇಟ್ಟು ಬೆಚ್ಚಗಾದ ತಾಮ್ರದ ಹಂಡೆ, ಅದರಲ್ಲಿ ತೇಲುವ ಬೇವಿನೆಲೆ. ಬಚ್ಚಲಕಲ್ಲಿನ ಮೇಲೆ ಅಣ್ಣ ಮತ್ತು ನಾನು ಒತ್ತಿಕೊಂಡು ಕೂತಿದ್ದೇವೆ. ಅವ್ವ ಒಂದು ತಂಬಿಗೆ ಅಣ್ಣನ ತಲೆಗೆ, ಒಂದು ತಂಬಿಗೆ ನನ್ನ ತಲೆಗೆ ಸುರಿಯುತ್ತಾಳೆ. ಎಲೆಯೊಂದು ನನ್ನ ರೆಪ್ಪೆಗೆ ಅಂಟಿಕೊಂಡಿದೆ. ಆಮೇಲೆ ಹೊಸ ಅಂಗಿ, ಮೊಸರನ್ನ, ಒಂದು ಚೂರು ಬೆಲ್ಲ. ಅಷ್ಟು ಚಿಕ್ಕಂದಿನ ಬೇರೆ ಯಾವುದೂ ನನಗೆ ಇಷ್ಟು ನಿಚ್ಚಳವಾಗಿ ನೆನಪಿಲ್ಲ. ಈ ನೆನಪೇ ಮುಂದೆ ನನ್ನನ್ನು ಸಾವಿನ ಬಾಗಿಲವರೆಗೆ ಕರೆದುಕೊಂಡು ಹೋಯಿತು. ನನ್ನ ಸಂಗಡ ನನ್ನ ನಾಲ್ಕು ತಿಂಗಳ ಮಗಳನ್ನೂ.

ಪುಸ್ತಕದಲ್ಲಿ ದಡಾರ ಎಂದು ಬರೆಯುವ ಜಡ್ಡಿಗೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಮನೆಯಲ್ಲಿ ಒಂದು ಮಗುವಿಗೆ ಗೊಬ್ಬರ ಎದ್ದರೆ ದುರಗವ್ವ ಬಂದು ಕೂತಿದ್ದಾಳೆಂದು ತಿಳಿಯುತ್ತಾರೆ. ಬಾಗಿಲಿಗೆ ಬೇವಿನ ತಪ್ಪಲು ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಸೂಜಿ ಚುಚ್ಚಿಸುವುದಿಲ್ಲ. ಅಕ್ಕಿ ಆರಿಸುವಷ್ಟು ಮೆಲ್ಲಗಿನ ದನಿಯಲ್ಲಿ ಮಾತಾಡುತ್ತಾರೆ. ಜಡ್ಡು ಇಳಿದ ಮೇಲೆ ಬೇವಿನ ನೀರು ಎರೆದು ದುರಗವ್ವನನ್ನು ಕಳಿಸಿಕೊಡುತ್ತಾರೆ. ಒಮ್ಮೆ ಗೊಬ್ಬರ ಆದವರಿಗೆ ಮತ್ತೆ ಆಗುವುದಿಲ್ಲ ಎಂಬುದು ಓದಲು ಬಾರದವರಿಗೂ ಗೊತ್ತು. ಆದ್ದರಿಂದ ಜಡ್ಡಾದ ಮಗುವಿನ ಹತ್ತಿರ ಹೋಗುವವರನ್ನು ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: ನಿನಗ ಆಗೇತೇನು?

ನನ್ನನ್ನು ಯಾರಾದರೂ ಕೇಳಿದರೆ ನಾನು ಆಗೇತಿ ಎನ್ನುತ್ತಿದ್ದೆ. ಬೇವಿನ ನೀರು ನೆನಪಿತ್ತಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ನಾನು ಬಾಗಲಕೋಟೆಯಲ್ಲಿ ಬಿ.ಎ. ಮುಗಿಸಿ ಇಳಕಲ್ಲಿಗೆ ಮದುವೆಯಾಗಿ ಬಂದವಳು. ನನ್ನ ಗಂಡ ಶಂಕ್ರಪ್ಪ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ನನಗೆ ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ದಿನಾ ಬೆಳಿಗ್ಗೆ ಕೆಂಪು ಬಸ್ಸು ಹತ್ತಿ ಹೋಗುವುದು, ಸಂಜೆಗೆ ಬರುವುದು. ಹೆರಿಗೆಯ ರಜೆ ಮುಗಿದು ಮತ್ತೆ ಕೆಲಸಕ್ಕೆ ಹತ್ತಿದ್ದೆ. ಮಗಳು ಗೌರಿ ಹಗಲೆಲ್ಲ ಅತ್ತೆಯ ಹತ್ತಿರ ಇರುತ್ತಿದ್ದಳು. ಅತ್ತೆ ನೀಲವ್ವ ಪಡಸಾಲೆಯಲ್ಲಿ ಕೂತು ಓಣಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಬಲಗೈಯಲ್ಲಿ ರಾಟೆ, ಎಡಗಾಲಲ್ಲಿ ತೊಟ್ಟಿಲ ಹಗ್ಗ. ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಮುಖ್ಯವಾದ ಮಾತಿದ್ದರೆ ಸುತ್ತು ಹಾಕಿ ಅವರ ಬಲಕ್ಕೆ ಹೋಗಿ ಹೇಳಬೇಕು. ಹೇಳಬಾರದ್ದನ್ನು ಎಡಕ್ಕೆ ಕೂತು ಹೇಳಿದರೆ ಮಾತ್ರ ಹೇಗೋ ಕೇಳಿಸಿಬಿಡುತ್ತಿತ್ತು.

ಹುನಗುಂದದಲ್ಲಿಯೇ ನನ್ನ ನಾದಿನಿ ರತ್ನಾಳ ಮನೆ. ಆ ಬೇಸಿಗೆಯಲ್ಲಿ ಅವಳ ಮಗಳು ಕಮಲಿಗೆ ಗೊಬ್ಬರ ಎದ್ದಿತು. ರತ್ನಾ ತುಂಬಿದ ಬಸುರಿ, ಅವಳ ಕಾಲು ಬಾತಿದ್ದವು. ಸುದ್ದಿ ಬಂದಾಗ ಅತ್ತೆ ರಾಟೆ ನಿಲ್ಲಿಸಿ ನನ್ನ ಕಡೆ ನೋಡಿದರು.

"ನಿನಗ ಆಗೇತಲ್ಲ ಸುಮಿತ್ರಾ. ಮಧ್ಯಾಹ್ನದ ಸುಟ್ಟಿಯಾಗ ಒಂದೀಟು ಹೋಗಿ ಕೂಸಿನ ಹಂತ್ಯಾಕ ಕೂತ ಬಾ. ಅಕಿ ಒಬ್ಬಾಕಿ ಏನ್ ಮಾಡ್ಯಾಳ."

ಹೋದೆ. ನನಗೇನೂ ಭಾರವೆನಿಸಲಿಲ್ಲ. ಕಮಲಿಯ ಕಣ್ಣು ಅಂಟಿಕೊಂಡಿದ್ದವು, ಒದ್ದೆ ಬಟ್ಟೆಯಿಂದ ಬಿಡಿಸುತ್ತಿದ್ದೆ. ಅವಳು ಕೆಮ್ಮಿದಾಗ ಎತ್ತಿ ಭುಜಕ್ಕೆ ಹಾಕಿಕೊಳ್ಳುತ್ತಿದ್ದೆ. ಸಂಜೆ ಇಳಕಲ್ಲಿಗೆ ಬಂದರೆ ಅತ್ತೆ ಹೊಸ್ತಿಲ ಹೊರಗೇ ನಿಲ್ಲಿಸಿ ಕಾಲಿಗೆ ನೀರು ಹಾಕಿ, ಸೀರೆ ಬದಲು ಮಾಡಿಸಿದ ಮೇಲೆಯೇ ಗೌರಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ಅಷ್ಟು ಮಡಿ, ಅಷ್ಟು ಎಚ್ಚರ. ಕಮಲಿಗೆ ಆರಾಮಾಯಿತು, ನೀರೂ ಎರೆದರು. ನಾವು ಮರೆತೆವು.

ಕೆಲವು ದಿನಗಳ ಮೇಲೆ ನನಗೆ ನೆಗಡಿಯಾಯಿತು. ನೆಗಡಿ ಅಂದುಕೊಂಡೆ. ಮೂಗು ಸೋರುವುದು, ಕಣ್ಣುರಿ, ಒಣಕೆಮ್ಮು, ಮೈ ಕೆಂಡ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಬಿಸಿಲಿಗೆ ಹೋಗಿ ಬಂದದ್ದಕ್ಕೆ ಎಂದರು ಮನೆಯವರು. ರಜೆ ಹಾಕಿ ಮಲಗಿದೆ. ಮನೆಯಲ್ಲೇ ಇದ್ದೇನಲ್ಲ ಎಂದು ಗೌರಿಗೆ ಹೊತ್ತುಹೊತ್ತಿಗೆ ನಾನೇ ಹಾಲು ಕುಡಿಸಿದೆ. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಕುಡಿದಾದ ಮೇಲೆ ಅದೇ ಸೆರಗಿನಿಂದ ಅವಳ ಬಾಯಿ ಒರೆಸುತ್ತಿದ್ದೆ.

ಎಷ್ಟೋ ವರ್ಷಗಳಾದವು. ಈಗಲೂ ಆಫೀಸಿನಲ್ಲಿ ಕೂತಾಗ, ಬಸ್ಸಿನ ಕಿಟಕಿಯ ಹತ್ತಿರ ಕೂತಾಗ ಆ ಸೆರಗು ಕಣ್ಣ ಮುಂದೆ ಬರುತ್ತದೆ. ತಿಳಿ ಹಸಿರು, ಅಂಚಿಗೆ ಕೆಂಪು.

ಕಿವಿಯ ಹಿಂದಿನಿಂದ ಶುರುವಾಗಿ ಮುಖಕ್ಕೆ, ಕೊರಳಿಗೆ ಕೆಂಪು ದದ್ದು ಇಳಿದಾಗ ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಹೆಬ್ಬೆಟ್ಟಿನಿಂದ ಹಣೆಯ ಮೇಲೆ ಸವರಿ ನೋಡಿದರು.

"ನೋಡಾಕ ಗೊಬ್ಬರ ಇದ್ದಂಗ ಐತಿ," ಎಂದರು. ಒಂದು ಕ್ಷಣ ಬಿಟ್ಟು ತಾವೇ ಉತ್ತರ ಕೊಟ್ಟುಕೊಂಡರು: "ಆದ್ರ ನಿನಗ ಆಗೇತಲ್ಲ."

ಮನೆಯವರು ಜ್ವರಕ್ಕೆ ನುಂಗಿದ ಗುಳಿಗೆ ನಂಜಾಗಿದೆ ಎಂದರು. ನೋಡಲು ಬಂದ ಊರಿನ ಡಾಕ್ಟರರೂ ಗೊಬ್ಬರ ಆಗಿತ್ತೇ ಎಂದು ಕೇಳಿದರು. ನಾನು ಹೂಂ ಅಂದೆ. ಹಾಗಾದರೆ ಗುಳಿಗೆಯದೇ ನಂಜು ಎಂದು ಗುಳಿಗೆ ಬದಲಿಸಿ ಹೋದರು. ಅವರದೂ ತಪ್ಪಲ್ಲ, ರೋಗಿಯೇ ಸಾಕ್ಷಿ ಹೇಳಿದ ಮೇಲೆ ಅವರೇನು ಮಾಡಿಯಾರು.

ಮರುದಿನ ಬೆಳಿಗ್ಗೆ ನನಗೆ ಉಸಿರು ಸಾಲದಾಯಿತು. ಒಂದು ವಾಕ್ಯ ಪೂರ್ತಿ ಆಡಲಾಗುತ್ತಿರಲಿಲ್ಲ. ಮನೆಯವರು ಬಾಗಲಕೋಟೆಗೆ ಹೊರಡಿಸಿದರು. ಮೊಲೆ ಕುಡಿಯುವ ಕೂಸನ್ನು ಬಿಟ್ಟು ಹೋಗುವುದು ಹೇಗೆ? ಅತ್ತೆ ಗೌರಿಯನ್ನು ಮಡಿಲಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಹುನಗುಂದ ದಾಟಿತು, ಅಮೀನಗಡ ದಾಟಿತು. ನಾನು ಕಿಟಕಿಯ ಸರಳಿಗೆ ತಲೆ ಆನಿಸಿ ಕೆಮ್ಮುತ್ತಿದ್ದೆ, ಗಾಳಿ ಹಿಂದಕ್ಕೆ ಗೌರಿಯ ಕಡೆ ಬೀಸುತ್ತಿತ್ತು. ಅವಳು ನನ್ನ ಬಳೆ ಹಿಡಿದು ಆಡುತ್ತಿದ್ದಳು.

ದವಾಖಾನೆಯ ಉದ್ದನೆಯ ಪಡಸಾಲೆ ಜನರಿಂದ ತುಂಬಿತ್ತು. ಬೆಂಚಿನ ಮೇಲೆ ಜಾಗವಿಲ್ಲದೆ ನಾನು ಕಂಬಕ್ಕೆ ಒರಗಿ ನೆಲಕ್ಕೆ ಕೂತೆ. ಸೆಕೆಯ ದಿನವಾದರೂ ನಡುಗುತ್ತಿದ್ದೆ. ಹಣೆಗೆ ಬೀರಪ್ಪನ ಅರಿಶಿನದ ಭಂಡಾರ ಹಚ್ಚಿಕೊಂಡಿದ್ದ ಒಬ್ಬ ಹೆಂಗಸು ಎದ್ದು ಬಂದು ತನ್ನ ಕರಿ ಕಂಬಳಿಯನ್ನು ನನ್ನ ಮೇಲೆ ಹೊದಿಸಿದಳು. ಅವಳ ಗಂಡ ಬಾಗಿಲ ಹತ್ತಿರವೇ ಸರದಿಯಲ್ಲಿದ್ದ. ಆಕೆ ಅವನನ್ನು ತೋಳು ಹಿಡಿದು ಈಚೆಗೆ ಸರಿಸಿದಳು.

"ನಮ್ಮಾಂವ ಕೆಮ್ಮಾಕ ಹತ್ತಿ ವರ್ಸಾತು, ಇನ್ನ ಅರ್ಧಾ ತಾಸಿಗೆ ಏನೂ ಆಗೂದಿಲ್ಲ. ನೀವು ಒಳಗ ಹೋಗ್ರಿ ತಂಗಿ."

ಆ ಮನುಷ್ಯ ಕೆಮ್ಮುತ್ತಲೇ ನಕ್ಕ. ಅವರ ಹೆಸರು ನಾನು ಕೇಳಲಿಲ್ಲ. ಕಂಬಳಿಯ ಕುರಿವಾಸನೆ ಇಂದಿಗೂ ನನಗೆ ಒಳ್ಳೆಯದರ ವಾಸನೆ.

ಒಳಗೆ ಇದ್ದವರು ನಿವೃತ್ತಿಗೆ ಹತ್ತಿರವಾದ ಹಿರಿಯ ಡಾಕ್ಟರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಬಾಯಿ ತೆರೆಸಿ, ಬ್ಯಾಟರಿ ಹಾಕಿ ಗಲ್ಲದ ಒಳಭಾಗ ನೋಡಿದರು. ಅಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿವೆ ಎಂದು ನರ್ಸಬಾಯಿಗೂ ತೋರಿಸಿದರು.

"ಗೊಬ್ಬರ ಇದು," ಎಂದರು. "ನಿಮೋನಿಯಾಕ್ಕ ತಿರಿಗೇತಿ."

ನಮ್ಮವರು ಆಕೆಗೆ ಸಣ್ಣಾಕಿದ್ದಾಗಲೇ ಆಗಿದೆ ಎಂದರು. ಡಾಕ್ಟರು ನನ್ನನ್ನೇ ಕೇಳಿದರು: "ಯಾರ ಹೇಳಿದ್ರು ನಿನಗ?"

"ನನಗ ನೆನಪೈತ್ರಿ."

"ಏನ ನೆನಪೈತಿ? ಜ್ವರ ನೆನಪೈತಿ? ಕಣ್ಣ ತೆಗೀಲಿಕ್ಕೆ ಬರದಂಗ ಮಲಗಿದ್ದು ನೆನಪೈತಿ?"

ನಾನು ಯೋಚಿಸಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ನೆನಪಿನ ಹಿಂದೆ ಕೈಹಾಕಿ ತಡಕಿದೆ. ಅಲ್ಲಿ ಏನೂ ಇರಲಿಲ್ಲ.

"ಇಲ್ರಿ. ನೀರ ಎರದದ್ದು ನೆನಪೈತಿ."

"ನೀರ ಯಾರಿಗೆ ಬೇಕಾದ್ರೂ ಎರೀತಾರ, ಯವ್ವಾ," ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಅತ್ತೆಯ ಮಡಿಲಲ್ಲಿ ಗೌರಿ ಸದ್ದು ಮಾಡಿದಳು. ಡಾಕ್ಟರು ತಿರುಗಿ ನೋಡಿದರು. "ಈ ಕೂಸು ಯಾರದು?" ಎಂದು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. ಅವರು ಎದ್ದ ರೀತಿಯಲ್ಲಿಯೇ ನನಗೆ ಅರ್ಥವಾಯಿತು. ನನಗೇನೋ ಆಗಿದೆ ಎನ್ನುವಾಗ ಆಗದಿದ್ದ ಹೆದರಿಕೆ ಆಗ ಆಯಿತು.

ಅತ್ತೆಗೆ ಮಾತ್ರ ಹೆದರಿಕೆ ಇರಲಿಲ್ಲ. ಮೊಲೆ ಕುಡಿಯುವ ಕೂಸಿಗೆ ಗೊಬ್ಬರ ಬರುವುದಿಲ್ಲ, ಇದು ತಾವು ಕಣ್ಣಾರೆ ಕಂಡದ್ದು ಎಂದರು. ಡಾಕ್ಟರು ಅವರ ಎಡಕ್ಕೆ ನಿಂತು ಉತ್ತರ ಕೊಟ್ಟರು. ಅತ್ತೆ ಅವರ ಬಾಯನ್ನೇ ನೋಡುತ್ತಿದ್ದರು. ಮನೆಯವರು ಕೈ ಹಿಡಿದು ಡಾಕ್ಟರನ್ನು ಬಲಕ್ಕೆ ಕರೆತಂದರು. ಅವರು ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಆ ಮಾತುಗಳನ್ನು ನಾನು ಇಂದಿಗೂ ಅಕ್ಷರಕ್ಕೆ ಅಕ್ಷರ ಹೇಳಬಲ್ಲೆ.

"ನೀವು ಕಂಡದ್ದು ಖರೆ ಐತ್ರಿ. ತಾಯಿಗೆ ಒಮ್ಮೆ ಗೊಬ್ಬರ ಆಗಿತ್ತಂದ್ರ, ಅದನ್ನ ಹೊಡದ್ಹಾಕೂ ಶಕ್ತಿ ಅಕಿ ರಕ್ತದಾಗ ಉಳೀತೈತಿ. ಹೊಟ್ಟ್ಯಾಗಿನ ಕೂಸಿಗೂ ಒಂದೀಟು ಕಟ್ಟಿ ಕೊಡ್ತಾಳ, ಊರಿಗೆ ಹೋಗಾವ್ರಿಗೆ ಬುತ್ತಿ ಕಟ್ಟಿದಂಗ. ಎಂಟೊಂಬತ್ತ ತಿಂಗಳತನಕಾ ಕೂಸು ಅದ ಬುತ್ತಿ ಮ್ಯಾಲೆ ಇರ್ತೈತಿ. ಇಕಿ ಕಡೆ ಇದ್ದಿದ್ದ ಇಲ್ಲ. ಏನ ಕಟ್ಯಾಳ?"

ನಾನು ನನ್ನ ಮಗಳನ್ನು ಖಾಲಿ ಕೈಯಲ್ಲಿ ಈ ಲೋಕಕ್ಕೆ ಕಳಿಸಿದ್ದೆ. ಮೇಲಿಂದ ಜಡ್ಡನ್ನೂ ನಾನೇ ಕೊಡುತ್ತಿದ್ದೆ.

ಡಾಕ್ಟರು ಬೇಗಬೇಗ ವಿಚಾರ ಮಾಡಿದರು. ಜಡ್ಡು ಕೂಸಿಗೆ ಹತ್ತಿದ್ದರೂ ಮೈಮೇಲೆ ಏಳಲು ಇನ್ನೂ ಸಮಯವಿದೆ, ಈ ಒಂದೆರಡು ದಿನದೊಳಗೆ ಬೇರೆಯವರ ಬುತ್ತಿ ಕೊಟ್ಟರೆ ಉಳಿಸಬಹುದು ಎಂದರು. ಬಹಳ ಮಂದಿಯ ರಕ್ತದಿಂದ ಆ ಶಕ್ತಿಯನ್ನು ತೆಗೆದು ಮಾಡಿದ ಇಂಜೆಕ್ಷನ್ ಒಂದು ಬರುತ್ತದಂತೆ. ಊರಿನ ಔಷಧಿ ಅಂಗಡಿಗಳಿಗೆ ಹೇಳಿ ಕಳಿಸಿದರು, ಎಲ್ಲಿಯೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಸಿಕ್ಕರೂ ಸಿಗಬಹುದು, ಸಿಗದೆಯೂ ಹೋಗಬಹುದು. ನಮ್ಮವರು ಈಗಲೇ ಹೊರಡುತ್ತೇನೆಂದು ಚೀಲ ತೆಗೆದುಕೊಂಡರು. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದರೆ ಹೊತ್ತು ಮೀರುತ್ತದೆಂದು ಡಾಕ್ಟರು ಅವರನ್ನು ತಡೆದರು.

ತಾವು ಹೊಸ ಡಾಕ್ಟರಾಗಿದ್ದಾಗ, ಆ ಇಂಜೆಕ್ಷನ್ ಇಲ್ಲದ ಕಾಲದಲ್ಲಿ, ಹಿರಿಯ ಡಾಕ್ಟರುಗಳು ಒಂದು ಕೆಲಸ ಮಾಡುತ್ತಿದ್ದರು. ಗೊಬ್ಬರ ಆಗಿಹೋದ ದೊಡ್ಡವರ ರಕ್ತ ತೆಗೆದು ಆಗಲೇ ಕೂಸಿನ ತೊಡೆಯ ಕಂಡಕ್ಕೆ ಚುಚ್ಚುವುದು. ತಾವೂ ಒಂದೆರಡು ಸಲ ಮಾಡಿದ್ದುಂಟು. ಈಗ ಯಾರೂ ಮಾಡುವುದಿಲ್ಲ, ಅದರಲ್ಲಿ ಬೇರೆ ಜಡ್ಡು ಹತ್ತುವ ಅಪಾಯವಿದೆ. ಬೇರೆ ದಾರಿ ಇದ್ದರೆ ತಾವೂ ಮಾಡುತ್ತಿರಲಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಇದನ್ನು ಓದುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇದು ಆ ದಿನಕ್ಕೆ, ಆ ಊರಿಗೆ, ಆ ಕೋಣೆಗೆ ಸಂದ ಉಪಾಯ. ಮಾದರಿಯಲ್ಲ.

ನಮ್ಮವರು ತೋಳು ಏರಿಸಿಯೇಬಿಟ್ಟರು. ಕಾಮಾಲೆ ಆಗಿತ್ತೇ ಎಂದು ಡಾಕ್ಟರು ಕೇಳಿದರು. ಎರಡು ವರ್ಷದ ಹಿಂದೆ ಆಗಿತ್ತು, ಕಣ್ಣು ಅರಿಶಿನವಾಗಿದ್ದವು. ಡಾಕ್ಟರು ಅವರ ತೋಳಿನ ಅಂಗಿಯನ್ನು ತಾವೇ ಕೆಳಗೆ ಇಳಿಸಿದರು. ಕಾಮಾಲೆಯಾದವರ ರಕ್ತ ಕೂಸಿಗೆ ಬೇಡ.

ಉಳಿದವರು ಅತ್ತೆ.

ಅತ್ತೆಗೆ ಗೊಬ್ಬರ ಆಗಿತ್ತೇ ಎಂದು ಕೇಳಬೇಕಾಗಿಯೇ ಇರಲಿಲ್ಲ. ತವರು ತುಳಸಿಗೇರಿಯಲ್ಲಿ ಚಿಕ್ಕವರಿದ್ದಾಗ ಎದ್ದ ಗೊಬ್ಬರ ಇಳಿಯುವಾಗ ಎಡಗಿವಿಯಿಂದ ಕೀವು ಹರಿದು, ಆ ಕಿವಿ ಶಾಶ್ವತವಾಗಿ ಮುಚ್ಚಿತ್ತು. ಅವರ ಬೆನ್ನಿಗೆ ಹುಟ್ಟಿದ ತಂಗಿ ಅದೇ ಜಡ್ಡಿನಲ್ಲಿ ಹೋಗಿದ್ದಳು. ಅವರ ಸಾಕ್ಷಿ ನೀರಿನದಲ್ಲ.

ಆದರೆ ಅತ್ತೆ ತೋಳು ಚಾಚಲಿಲ್ಲ. ಗೌರಿಯ ಕಾಲನ್ನು ಅಂಗೈಯಲ್ಲಿ ಹಿಡಿದು ಕೂತರು. ಅವರು ಏನು ತೂಗುತ್ತಿದ್ದಾರೆಂದು ನನಗೆ ಗೊತ್ತಿತ್ತು. ದುರಗವ್ವ ಬಂದಿರುವಾಗ ಸೂಜಿ ಚುಚ್ಚಬಾರದು. ಕಮಲಿಗೆ ಅಷ್ಟು ಕೆಮ್ಮಿದ್ದರೂ ಸೂಜಿ ಬೇಡವೆಂದು ರತ್ನಾಳಿಗೆ ಹೇಳಿ ಕಳಿಸಿದವರು ಇವರೇ. ನನ್ನನ್ನು ದವಾಖಾನೆಗೆ ಕರೆತರಲು ಒಪ್ಪಿದ್ದು ಗುಳಿಗೆಯ ನಂಜು ಎಂಬ ನಂಬಿಕೆಯ ಮೇಲೆ. ಈಗ ಬಂದವಳು ಯಾರೆಂದು ತಿಳಿದಿತ್ತು. ನಾನು ಮಾತಾಡಲು ನೋಡಿದೆ, ಉಸಿರು ಬರಲಿಲ್ಲ. ಡಾಕ್ಟರು ಒತ್ತಾಯ ಮಾಡಲಿಲ್ಲ, ಕಾದರು. ಆ ಕಾಯುವಿಕೆಗೆ ನಾನು ಅವರಿಗೆ ಋಣಿ. ಓದಿದವರು ಹಾಗೆ ಕಾಯುವುದನ್ನು ನಾನು ಹೆಚ್ಚು ಕಂಡಿಲ್ಲ.

ಕಡೆಗೆ ಅತ್ತೆ ತಲೆ ಎತ್ತಿದರು.

"ಅಕಿ ಬಂದಿದ್ದು ಸೊಸಿ ಮೈಮ್ಯಾಲೆ. ಕೂಸಿನ ಮೈಮ್ಯಾಲೆ ಇನ್ನಾ ಬಂದಿಲ್ಲ. ಬಂದ ಮ್ಯಾಲೆ ಚುಚ್ಚಬಾರದು. ಬರೂಕಿಂತ ಮೊದಲ ಚುಚ್ಚಿದ್ರ ಅಕಿಗೇನು ಅವಮಾನ ಆಗೂದಿಲ್ಲ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದುವರಿಸಿದರು: "ಮತ್ತ ನನ್ನ ರಕ್ತ ಅಕಿನ್ನ ಒಮ್ಮೆ ನೋಡೇತ್ರಿ ಸಾಹೇಬ್ರ. ನನ್ನ ತಂಗೀನ ಒಯ್ದಾಕಿ, ನನ್ನ ಕಿವಿ ಒಯ್ದಾಕಿ. ಗುರ್ತಾ ಹಿಡೀತೈತಿ ಅದು. ತಗೀರಿ."

ಡಾಕ್ಟರು, ತಾವು ಕಾಲೇಜಿನಲ್ಲಿ ಇದನ್ನೇ ಕಲಿಯಲು ಬಹಳ ವರ್ಷ ಹಿಡಿದವು ಎಂದು ನರ್ಸಬಾಯಿಗೆ ಹೇಳಿ ನಕ್ಕರು.

ಯಾವ ತೋಳು ಎಂದು ಕೇಳಿದ್ದಕ್ಕೆ ಅತ್ತೆ ಎಡಗೈ ಚಾಚಿದರು. ಬಲಗೈ ರಾಟೆ ತಿರುವುವುದಂತೆ, ಅದನ್ನು ಮುಟ್ಟಬಾರದಂತೆ.

ನನ್ನನ್ನು ಆಚೆಯ ಕೋಣೆಯಲ್ಲಿ ಮಲಗಿಸಿದರು. ನಡುವೆ ಒಂದು ಜಾಳಿಗೆಯ ಕಿಟಕಿ. ಅದರಲ್ಲಿ ಅತ್ತೆಯ ಎಡತೋಳಿನ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸುವುದು ಕಾಣಿಸಿತು. ಕುದಿಸಿದ ಗಾಜಿನ ಸಿರಿಂಜಿನಲ್ಲಿ ಕಪ್ಪಾಗಿ ಏರುತ್ತಿದ್ದ ರಕ್ತ ಕಾಣಿಸಿತು. ಅತ್ತೆ ಸಿರಿಂಜನ್ನು ನೋಡುತ್ತಿರಲಿಲ್ಲ, ಗೌರಿಯನ್ನು ನೋಡುತ್ತಿದ್ದರು. ರಕ್ತ ಹೆಪ್ಪುಗಟ್ಟುವ ಮುಂಚೆ ಆಗಬೇಕಾದ್ದರಿಂದ ಡಾಕ್ಟರ ಕೈ ಆ ವಯಸ್ಸಿನಲ್ಲಿಯೂ ಚುರುಕಾಗಿ ಓಡಿತು. ಗೌರಿ ಒಂದು ತೊಡೆಗೆ ಚುಚ್ಚಿದಾಗ ಬೆಚ್ಚಿದಳು, ಇನ್ನೊಂದಕ್ಕೆ ಚುಚ್ಚಿದಾಗ ಚೀರಿದಳು. ಆ ಚೀರುವಿಕೆಗೆ ನನ್ನ ಎದೆಯ ಹಾಲು ತಾನಾಗಿ ಇಳಿದು ಕುಪ್ಪಸ ಒದ್ದೆಯಾಯಿತು. ಕೊಡುವಂತಿಲ್ಲ. ಆ ದಿನದಿಂದ ಅವಳನ್ನು ನನ್ನ ಹತ್ತಿರ ತರಬಾರದೆಂದು ಹೇಳಿದ್ದರು.

ಮುಂದಿನ ದಿನಗಳು ನನಗೆ ತುಂಡುತುಂಡಾಗಿ ನೆನಪಿವೆ. ಮೂಗಿಗೆ ಇಟ್ಟ ನಳಿಗೆ, ಪೆನ್ಸಿಲಿನ್ ಚುಚ್ಚುವಾಗಿನ ಉರಿ, ಸಿಲಿಂಡರಿನ ಗುಳುಗುಳು ಸದ್ದು. ಪಕ್ಕದ ಮಂಚದ ಮುದುಕಿ ತನಗೆ ಬಂದ ಗಂಜಿಯಲ್ಲಿ ಅರ್ಧವನ್ನು ನನ್ನ ಬಟ್ಟಲಿಗೆ ಸುರಿಯುತ್ತಿದ್ದುದು. ಎದೆ ಕಲ್ಲಾಗಿ ನೋಯುತ್ತಿದ್ದಾಗ ನರ್ಸಬಾಯಿ ಬಿಸಿ ಬಟ್ಟೆ ಒತ್ತಿ, ಹಾಲು ಹಿಂಡಿಸಿ, ಹಾಲು ಬತ್ತದಂತೆ ನೋಡಿಕೊಂಡದ್ದು. ಅತ್ತೆ ಬಾಗಲಕೋಟೆಯಲ್ಲಿಯೇ ನೆಂಟರ ಮನೆಯಲ್ಲಿ ಉಳಿದು ಗೌರಿಗೆ ಚಮಚದಿಂದ ಆಕಳ ಹಾಲು ಕುಡಿಸುತ್ತಿದ್ದರು. ದಿನಾ ಬೆಳಿಗ್ಗೆ ನನ್ನ ಕಿಟಕಿಯ ಆಚೆ, ಬೇವಿನ ಮರದ ಕೆಳಗೆ ಬಂದು ನಿಂತು ಅವಳನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ತೋರಿಸುತ್ತಿದ್ದರು. ಮುಂದೆ, ಹಿಂದೆ, ಹೊಟ್ಟೆ, ಬೆನ್ನು, ಕಿವಿಯ ಹಿಂದೆ. ಏನೂ ಎದ್ದಿಲ್ಲ ಎಂದು ನಾನು ನೋಡಿಕೊಳ್ಳಲೆಂದು. ಆಮೇಲೆ ಬಿಸಿಲು ಏರಿತೆಂದು ಹೊರಟುಬಿಡುತ್ತಿದ್ದರು.

ಬಾದಾಮಿಯಿಂದ ಅವ್ವ ಬಂದಳು. ಗೊಬ್ಬರ ಎಂಬ ಮಾತು ಕೇಳಿದ ಕೂಡಲೇ ಮಂಚದ ಕಾಲು ಹಿಡಿದು ನೆಲಕ್ಕೆ ಕೂತಳು. ಅಣ್ಣನಿಗೆ ಗೊಬ್ಬರ ಎದ್ದಾಗ ನಾನು ಬಾದಾಮಿಯಲ್ಲೇ ಇರಲಿಲ್ಲವಂತೆ. ನನಗೂ ಹತ್ತೀತೆಂದು ಹೆದರಿ ಮಹಾಕೂಟದಲ್ಲಿ ದೇವರಿಗೆ ಹೂಮಾಲೆ ಕಟ್ಟಿಕೊಡುತ್ತಿದ್ದ ಅಜ್ಜಿಯ ಹತ್ತಿರ ಬಿಟ್ಟಿದ್ದರು. ನೀರು ಎರೆಯುವ ದಿನ ಮಾತ್ರ ಕರೆತಂದರು. ನಮ್ಮ ಮನೆಯ ಪದ್ಧತಿಯಲ್ಲಿ ಅಂದು ಮನೆಯ ಎಲ್ಲ ಮಕ್ಕಳಿಗೂ ಕೂಡಿಯೇ ಎರೆಯಬೇಕು. ಒಬ್ಬರನ್ನು ಬಿಟ್ಟರೆ ದುರಗವ್ವ ಅವರಿಗಾಗಿ ಮರಳಿ ಬರುತ್ತಾಳೆಂಬ ಅಂಜಿಕೆ. ಎರೆದ ಮೇಲೆ ನನಗೂ ಆದಂತೆಯೇ ಎಂದು ಮನೆಮಂದಿ ಹೇಳುತ್ತ ಹೋದರು. ಹೇಳುತ್ತ ಹೇಳುತ್ತ ಅವ್ವನಿಗೂ ಅದೇ ನಿಜವಾಯಿತು.

"ನಿನ್ನ ಉಳಸಾಕ ಹೋಗಿ ಹಿಂಗಾತಲ್ಲ," ಎಂದು ಅವ್ವ ಅತ್ತಳು. ಅವಳು ಅತ್ತೆಯ ಮುಖ ನೋಡಲೂ ಹೆದರುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅಂದು ಅವರ ಬಲಗಿವಿ ಈ ಕಡೆಗಿತ್ತು.

"ನೀರ ಎರದದ್ದೇನು ತಪ್ಪಲ್ಲ ಬಿಡ್ರಿ ಬೀಗರ. ಬರೇ ನೀರಂತ ಒಂದ ಮಾತ ಹೇಳಿ ಮದವಿ ಮಾಡಿಕೊಟ್ಟಿದ್ರ, ನನ್ನ ತ್ವಾಳಾರ ಉಳೀತಿತ್ತು." ಹಾಗೆಂದು ಅವ್ವನ ಕೈಗೆ ಚಹಾದ ಬಸಿ ಕೊಟ್ಟರು. ಅಳುತ್ತಿದ್ದ ಅವ್ವನಿಗೆ ನಗು ಬಂತು. ನನಗೂ ಬಂತು, ನಗು ಕೆಮ್ಮಾಯಿತು, ನರ್ಸಬಾಯಿ ಬಂದು ಇಬ್ಬರನ್ನೂ ಹೊರಗೆ ಹಾಕಿದಳು.

ನಾನು ಎದ್ದು ಕೂರುವಂತಾದ ಹೊತ್ತಿಗೆ ಒಂದು ಬೆಳಿಗ್ಗೆ ಅತ್ತೆ ಮರದ ಕೆಳಗೆ ಬರಲಿಲ್ಲ. ಬಿಸಿಲು ಕಟ್ಟೆ ದಾಟಿತು. ಆ ಬೆಳಗನ್ನು ಹೇಗೆ ಬರೆಯಬೇಕೆಂದು ನನಗೆ ಗೊತ್ತಿಲ್ಲ. ಕಿಟಕಿಯ ಸರಳು ಹಿಡಿದು ನಿಂತಿದ್ದೆ, ನರ್ಸಬಾಯಿ ಕರೆದರೂ ತಿರುಗಲಿಲ್ಲ. ಕಡೆಗೆ ಅವರು ಬಂದದ್ದು ಮರದ ಕಡೆಯಿಂದಲ್ಲ, ಡಾಕ್ಟರ ಕೋಣೆಯ ಕಡೆಯಿಂದ. ಜೊತೆಗೆ ಡಾಕ್ಟರೂ ಇದ್ದರು. ಗೌರಿಗೆ ಮೈ ಬೆಚ್ಚಗಾಗಿತ್ತು. ಹಣೆಯ ಮೇಲೆ, ಕಿವಿಯ ಹಿಂದೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ, ಎಣಿಸಿದರೆ ಎಣಿಕೆಗೆ ಸಿಗುವಷ್ಟು. ಎದೆ ಹಗುರಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಅವಳು ಡಾಕ್ಟರ ಕೊಳವೆಯನ್ನು ಹಿಡಿದು ಬಾಯಿಗೆ ಒಯ್ಯಲು ನೋಡುತ್ತಿದ್ದಳು.

"ಇಷ್ಟ," ಎಂದರು ಡಾಕ್ಟರು. "ಇಷ್ಟಕ್ಕ ಮುಗೀತು. ಬಾಗಲತನಕಾ ಬಂದಿದ್ಲು, ಅಜ್ಜಿ ಕುಂತದ್ದು ನೋಡಿ ಹೊಳ್ಳಿ ಹೋದ್ಲು."

ನನ್ನಿಂದ ಹತ್ತಬಹುದಾದದ್ದು ಹತ್ತಿಯೇ ಆಗಿತ್ತು, ನಾನೂ ಗುಣವಾಗಿದ್ದೆ. ಆದ್ದರಿಂದ ಅಂದು ಮಧ್ಯಾಹ್ನವೇ ಗೌರಿಯನ್ನು ನನ್ನ ತೊಡೆಯ ಮೇಲೆ ಹಾಕಿದರು. ಮೊದಲು ಅವಳಿಗೆ ಗುರುತು ಸಿಗಲಿಲ್ಲ. ಮುಖದ ಸಿಪ್ಪೆ ಸುಲಿದು ನಾನು ಬೇರೆಯವಳಂತೆ ಕಾಣುತ್ತಿದ್ದೆನೇನೋ. ಆಮೇಲೆ ಬಳೆ ಹಿಡಿದಳು.

ಮನೆಗೆ ಬಂದ ಮೇಲೆ ಅತ್ತೆ ಬೇವಿನ ನೀರು ಕಾಯಿಸಿದರು. ನನಗೆ ಎರೆದರು, ಗೌರಿಗೆ ಎರೆದರು. ಮುಗಿಯಿತೆಂದುಕೊಂಡರೆ, ಹಂಡೆಯ ತಳದಲ್ಲಿ ಉಳಿದ ನೀರನ್ನು ತಂಬಿಗೆಯಲ್ಲಿ ತೆಗೆದು ತಮ್ಮ ಎಡತೋಳಿನ ಮೇಲೆ ಸುರಿದುಕೊಂಡರು.

ಆ ಬೇಸಿಗೆಯ ನಂತರ ಆಗೇತಿ ಎಂಬ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಜ್ವರ ಕಂಡವರು ಯಾರು, ದದ್ದು ಕಂಡವರು ಯಾರು ಎಂದು ಕೇಳುತ್ತೇನೆ. ಆಫೀಸಿನ ಗೆಳತಿಯರು ನನ್ನನ್ನು ವಕೀಲರೆಂದು ಹಾಸ್ಯ ಮಾಡುತ್ತಾರೆ, ಮಾಡಲಿ.

ಎಂಬತ್ತರ ದಶಕ ಅರ್ಧ ದಾಟಿದ ಮೇಲೆ ನನಗೆ ಎರಡನೆಯ ಮಗಳು ಹುಟ್ಟಿದಳು. ಆ ಹೊತ್ತಿಗೆ ನಮ್ಮ ಕಡೆಯ ದವಾಖಾನೆಗಳಲ್ಲಿ ಗೊಬ್ಬರದ ಚುಚ್ಚುಮದ್ದು ಹಾಕಲು ಶುರುವಾಗಿತ್ತು. ಸುದ್ದಿ ಕೇಳಿದ ವಾರವೇ, ಆರು ತಿಂಗಳು ತುಂಬಿದ್ದ ಕೂಸನ್ನು ಎತ್ತಿಕೊಂಡು ಹುನಗುಂದದ ದವಾಖಾನೆಗೆ ಓಡಿದೆ. ಅತ್ತೆಯೂ ಬಂದರು. ಈಗ ಅವರು ಸೂಜಿಗೆ ಬೇಡವೆನ್ನುತ್ತಿರಲಿಲ್ಲ. ಬರುವುದಕ್ಕಿಂತ ಮೊದಲು ಚುಚ್ಚಬಹುದೆಂದು ಓಣಿಯ ಬಾಣಂತಿಯರಿಗೆಲ್ಲ ತಾವೇ ತೀರ್ಪು ಕೊಡುತ್ತಿದ್ದರು. ಗೌರಿ ಅವರ ಸೆರಗು ಹಿಡಿದುಕೊಂಡು ಜೊತೆಗೆ ಬಂದಿದ್ದಳು.

ಸರದಿ ಬಂತು. ಅಲ್ಲಿದ್ದ ನರ್ಸಬಾಯಿ ಕೂಸಿನ ವಯಸ್ಸು ಕೇಳಿ ಈಗ ಆಗುವುದಿಲ್ಲ, ಒಂಬತ್ತು ತಿಂಗಳು ತುಂಬಿದ ಮೇಲೆ ಬನ್ನಿ ಎಂದಳು. ಅಷ್ಟರೊಳಗೆ ಬಂದರೆ ಏನು ಮಾಡಲಿ ಎಂದು ದನಿ ಏರಿಸಿಯೇ ಕೇಳಿದೆ. ಅವಳು ನಿಮಗೆ ಗೊಬ್ಬರ ಆಗಿದೆಯೇ ಎಂದಳು. ಆಗಿದೆ ಎಂದೆ. ಈ ಸಲ ಆ ಮಾತಿನ ಹಿಂದೆ ಜ್ವರವಿತ್ತು, ಉಸಿರಿಲ್ಲದ ಬೆಳಗು ಇತ್ತು, ಸಿಲಿಂಡರಿನ ಸದ್ದು ಇತ್ತು.

"ಹಂಗಾರ ಯಾಕ ಅಂಜತೀರಿ ಅಕ್ಕಾರ," ಎಂದಳು ಆ ಹುಡುಗಿ. "ನೀವು ಕೊಟ್ಟದ್ದು ಅದರ ಮೈಯಾಗ ಇನ್ನಾ ಐತಿ. ಅದು ಇರೂತನಕಾ ನಮ್ಮ ಮದ್ದು ಹತ್ತೂದಿಲ್ಲ. ನಿಮ್ಮದು ತೀರಲಿ, ಆಮ್ಯಾಲೆ ನಾವು ಕೊಡ್ತೇವಿ."

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಕೂಸು ನನ್ನ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ತೆಗೆಯಲು ಹೋದ ಕೈ ಹಾಗೇ ನಿಂತಿತು. ನನಗೆ ಅಳು ಬಂದುಬಿಟ್ಟಿತು. ಆ ಬೇಸಿಗೆ ನನ್ನಿಂದ ಕಿತ್ತುಕೊಂಡದ್ದನ್ನೇ ಎಣಿಸುತ್ತ ಬಂದಿದ್ದೆ. ನನ್ನ ಕೈಗೆ ಕೊಟ್ಟು ಹೋದದ್ದು ಇದೆ ಎಂದು ಯಾರೂ ಹೇಳಿರಲಿಲ್ಲ.

ಅತ್ತೆ ಗಾಬರಿಯಾಗಿ ಬಂದು ನನ್ನ ಪಕ್ಕದಲ್ಲಿ ಕೂತರು. ಗದ್ದಲದಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ. ಮದ್ದು ಯಾಕ ಹಾಕಲಿಲ್ಲ, ಅಕಿ ಏನಂದ್ಲು ಎಂದು ಕೇಳಿದರು. ನಾನು ಎದ್ದು, ಸುತ್ತು ಹಾಕಿ ಅವರ ಬಲಕ್ಕೆ ಹೋಗಿ ಕೂತು ಹೇಳಿದೆ: "ಬುತ್ತಿ ಐತಂತ್ರಿ ಅತ್ತಿ. ಈ ಸಲ ನಾನ ಕಟ್ಟಿ ಕೊಟ್ಟೇನಂತ."

ಅತ್ತೆ ಕೂಸಿನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಎಡತೋಳಿನ ಬಳೆಗಳನ್ನು ಮೊಣಕೈಯಿಂದ ಕೆಳಕ್ಕೆ ಇಳಿಸಿಕೊಂಡರು. ಒಳಗೆ ಹೋಗುವಾಗಲೇ, ತೋಳು ಬೇಕಾದೀತೆಂದು, ಅವನ್ನು ಮೇಲಕ್ಕೆ ಸರಿಸಿಟ್ಟುಕೊಂಡಿದ್ದರೆಂದು ನನಗೆ ಆಗ ಕಾಣಿಸಿತು.

"ನಡಿ ಮತ್ತ," ಎಂದರು. "ಬಸ್ ಬರೂ ಹೊತ್ತಾತು."